ಸ್ವೋಪಜ್ಞ: ಮೊದಲಿಗರಲ್ಲದವರ ಸ್ವಂತಿಕೆ

‘ಸ್ವೋಪಜ್ಞ’ ಕನ್ನಡ ವಿಮರ್ಶೆಯ ಮನ್ನಣೆಯ ಮಾತು. ಮುನ್ನುಡಿ, ಪ್ರಶಸ್ತಿಯ ಟಿಪ್ಪಣಿ, ಸಂಶೋಧನ ಪ್ರಬಂಧದ ವರದಿ ಇವುಗಳಲ್ಲಿ ಓಡಾಡುವ ಪದ, ಮನೆಮಾತಿಗೆ ಇಳಿದಿಲ್ಲ. ‘ಬೇರೆ ಯಾರನ್ನೂ ಆಧರಿಸದ, ಪೂರ್ತಿ ತನ್ನದೇ ಆದ’ ಎಂಬ ಅರ್ಥದಲ್ಲಿ ಈಗ ಅದು ಬಳಕೆಯಲ್ಲಿದೆ. ಈ ಅರ್ಥದ ಬೆನ್ನಿಗೇ ಒಂದು ಅಳುಕೂ ಬಂದಿದೆ: ಇದೇ ವಸ್ತುವನ್ನು ಇನ್ನೊಬ್ಬರು ಆಗಲೇ ಬರೆದಾಗಿದ್ದರೆ ಮತ್ತೆ ಕೈಹಾಕುವುದೇಕೆ? ಪದದ ಹಳೆಯ ಬಳಕೆಯಲ್ಲಿ ಈ ಅಳುಕಿಗೆ ಆಧಾರ ಸಿಗುವುದಿಲ್ಲ.

‘ಸ್ವ’ ಮತ್ತು ‘ಉಪಜ್ಞಾ’ ಗುಣಸಂಧಿಯಾಗಿ ಈ ಪದ ಆಗಿದೆ. ‘ಉಪಜ್ಞಾ’ ಎಂದರೆ ಮೊದಲ ಅರಿವು ಎಂದು ಅಮರಕೋಶ ಹೇಳುತ್ತದೆ. ಯಾರೂ ಹೇಳಿಕೊಡದೆ ತಾನಾಗಿ ಹೊಳೆದದ್ದು ಎಂದು ಅದರ ತಾತ್ಪರ್ಯ. ಈ ಪದ ಕೊನೆಗೆ ಬರುವ ಸಮಾಸಗಳ ಬಗ್ಗೆ ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಒಂದು ಸೂತ್ರವೇ ಇದೆ. ಅದಕ್ಕೆ ಕಾಶಿಕಾವೃತ್ತಿ ಕೊಡುವ ಉದಾಹರಣೆಯಲ್ಲಿ ಪಾಣಿನಿಯ ಹೆಸರೇ ಬರುತ್ತದೆ. ಕಾಲದ ಲಕ್ಷಣವನ್ನು ಹೇಳದೆ ಕಟ್ಟಿದ ವ್ಯಾಕರಣವು ಪಾಣಿನಿಯ ಉಪಜ್ಞೆ ಎಂದು ಅದರ ಅಭಿಪ್ರಾಯ. ಆದರೆ ವ್ಯಾಕರಣ ರಚಿಸಿದವರಲ್ಲಿ ಪಾಣಿನಿ ಮೊದಲಿಗನಲ್ಲ. ಶಾಕಟಾಯನ, ಗಾರ್ಗ್ಯ, ಆಪಿಶಲಿ ಮೊದಲಾದ 10 ಪೂರ್ವಾಚಾರ್ಯರನ್ನು ಅವನೇ ಹೆಸರಿಸಿದ್ದಾನೆ. ಹಳೆಯ ಶಾಸ್ತ್ರದೊಳಗೆ ಅವನು ತಂದ ನಿರ್ದಿಷ್ಟ ಮಾರ್ಪಾಡಿಗೆ ಈ ಮಾತು ಸಂದಿತು.

ಶಾಸ್ತ್ರಗ್ರಂಥಗಳ ಲೋಕದಲ್ಲಿ ‘ಸ್ವೋಪಜ್ಞವೃತ್ತಿ’ ಎಂಬ ಪಾರಿಭಾಷಿಕ ಪದ ನೆಲೆಯೂರಿತು. ಮೂಲವನ್ನು ಬರೆದವನೇ ಅದಕ್ಕೆ ಬರೆದ ವ್ಯಾಖ್ಯಾನ ಎಂದು ಇದರ ಅರ್ಥ. ಇಲ್ಲಿ ‘ಸ್ವೋಪಜ್ಞ’ ಕರ್ತೃತ್ವವನ್ನಷ್ಟೇ ಸೂಚಿಸುತ್ತದೆ. ಹಿಂದೆ ಅಂಥದ್ದು ಇತ್ತೇ ಇಲ್ಲವೇ ಎಂಬ ಪ್ರಶ್ನೆಯನ್ನು ಎತ್ತುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನ ಕೇಶಿರಾಜ. 13ನೆಯ ಶತಮಾನದಲ್ಲಿ ಅವನು ‘ಶಬ್ದಮಣಿದರ್ಪಣ’ಕ್ಕೆ ತೊಡಗಿದಾಗ ನಾಗವರ್ಮನ ವ್ಯಾಕರಣಗಳು ಆಗಲೇ ಇದ್ದವು: ‘ಕಾವ್ಯಾವಲೋಕನ’ದ ಮೊದಲ ಭಾಗವಾದ ‘ಶಬ್ದಸ್ಮೃತಿ’, ಸಂಸ್ಕೃತ ಸೂತ್ರಗಳಲ್ಲಿರುವ ‘ಕರ್ಣಾಟಕ ಭಾಷಾಭೂಷಣ’. ಕೇಶಿರಾಜ ಕನ್ನಡದ ಕಂದಪದ್ಯಗಳಲ್ಲಿ ಸೂತ್ರಗಳನ್ನು ಹೇಳಿ, ವೃತ್ತಿಯನ್ನೂ ತಾನೇ ಬರೆದು, ಹಿಂದಿನ ಕವಿಗಳಿಂದ ಹೇರಳವಾಗಿ ಪ್ರಯೋಗಗಳನ್ನು ಆಯ್ದುಕೊಟ್ಟ. ತನಗೆ ಲಕ್ಷ್ಯವಾದ ಕವಿಗಳ ಹೆಸರನ್ನು ಪೀಠಿಕೆಯಲ್ಲೇ ಪಟ್ಟಿ ಮಾಡಿದ. ಬಳಕೆಯಿಂದ ಜಾರುತ್ತಿದ್ದ ‘ೞ’ಕಾರವಿರುವ ಶಬ್ದಗಳನ್ನೂ ಒಂದೆಡೆ ಕೂಡಿಸಿದ. ಆ ಅಕ್ಷರ ಎಲ್ಲಿತ್ತು, ಎಲ್ಲಿ ಬರಿಯ ‘ಳ’ ಇತ್ತು ಎಂದು ತಿಳಿಯಲು ಹಳಗನ್ನಡದ ಓದುಗರಿಗೆ ಆ ಪಟ್ಟಿ ಇಂದಿಗೂ ಬೇಕು. ಇಷ್ಟಾದ ಮೇಲೂ 1604ರಲ್ಲಿ ಭಟ್ಟಾಕಳಂಕ ಸಂಸ್ಕೃತದ 592 ಸೂತ್ರಗಳಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ, ಅದಕ್ಕೂ ಅವನದೇ ವ್ಯಾಖ್ಯಾನವಿದೆ.

ಕಾವ್ಯದ ನಡೆಯೂ ಇದೇ. ಪಂಪ 10ನೆಯ ಶತಮಾನದಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದು, ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ. ಅದೇ ಕಾವ್ಯಕ್ಕೆ ಋಣಿಯಾದ ರನ್ನ ‘ಗದಾಯುದ್ಧ’ದಲ್ಲಿ ಭೀಮನನ್ನು ನಾಯಕನನ್ನಾಗಿಸಿ, ಕಡೆಯ ಕಾಳಗದಲ್ಲಿ ನಿಂತು ಇಡೀ ಭಾರತವನ್ನು ಹಿಂದಿರುಗಿ ನೋಡಿದ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕುತ್ತಿದ್ದಾನೆ ಎಂದು ಕುಮಾರವ್ಯಾಸ ಭಾರತದ ಕಡೆ ತಿರುಗಿದ. ಅಲ್ಲಿಯೂ ಪಂಪ ಮೊದಲೇ ಬಂದುಹೋಗಿದ್ದ. ಆ ಮಾತು ಉಳಿದವರನ್ನು ತಡೆಯಲೂ ಇಲ್ಲ. ತೊರವೆಯ ನರಹರಿ ಕುಮಾರವ್ಯಾಸನದೇ ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಬರೆದು, ಕುಮಾರವಾಲ್ಮೀಕಿ ಎನಿಸಿಕೊಂಡ. ವ್ಯಾಸನ ಮಗ, ವಾಲ್ಮೀಕಿಯ ಮಗ ಎಂಬ ಈ ಕಾವ್ಯನಾಮಗಳಲ್ಲಿ ಹಿಂದಿನವರ ಋಣ ಬಹಿರಂಗವಾಗಿಯೇ ಇದೆ. 20ನೆಯ ಶತಮಾನದಲ್ಲಿ ಕುವೆಂಪು ಮತ್ತೆ ಅದೇ ಕಥೆಯನ್ನು ಕೈಗೆತ್ತಿಕೊಂಡರು. ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಅಗ್ನಿಪರೀಕ್ಷೆ ಸೀತೆಯೊಬ್ಬಳದಲ್ಲ, ರಾಮನೂ ಬೆಂಕಿಯನ್ನು ಹೊಗುತ್ತಾನೆ. ಈ ಕಾವ್ಯಕ್ಕೆ 1967ರ ಜ್ಞಾನಪೀಠ ಪ್ರಶಸ್ತಿ ಬಂದಿತು.

ಹಾಗೆಂದು ಹೋಲಿಕೆಯೆಲ್ಲ ನಿರ್ದೋಷವಲ್ಲ. ಅಗಿದದ್ದನ್ನೇ ಅಗಿಯುವುದಕ್ಕೆ ‘ಚರ್ವಿತಚರ್ವಣ’ ಎಂಬ ಹೀಗಳೆಯುವ ಮಾತು ಉಂಟು. ಕದ್ದದ್ದಕ್ಕೆ ‘ಕೃತಿಚೌರ್ಯ’ ಎಂಬ ಹೆಸರು. ಇವುಗಳಿಗೂ ಸ್ವೋಪಜ್ಞತೆಗೂ ನಡುವಿನ ಗೆರೆಯನ್ನು 9ನೆಯ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದ ಕೊನೆಯ ಭಾಗದಲ್ಲಿ ಎಳೆದಿದ್ದಾನೆ. ಕಾವ್ಯ ಕಾವ್ಯಗಳ ಹೋಲಿಕೆಯನ್ನು ಅವನು ‘ಸಂವಾದ’ ಎಂದು ಕರೆದು ಮೂರು ಬಗೆ ಮಾಡುತ್ತಾನೆ: ಪ್ರತಿಬಿಂಬದಂಥದು, ಚಿತ್ರದಂಥದು, ಒಬ್ಬನಂತೆ ಮತ್ತೊಬ್ಬನಿರುವಂಥದು. ಮೊದಲನೆಯದಕ್ಕೆ ಸ್ವಂತ ಆತ್ಮವಿಲ್ಲ, ಎರಡನೆಯದರ ಆತ್ಮ ತೀರ ಕ್ಷೀಣ, ಅವೆರಡೂ ತ್ಯಾಜ್ಯ. ಮೂರನೆಯದಕ್ಕೆ ತನ್ನದೇ ಜೀವವಿರುವುದರಿಂದ ಕವಿ ಅದನ್ನು ಬಿಡಬೇಕಾಗಿಲ್ಲ.

ಇಂದಿನ ಕಾನೂನು ಬೇರೆ ದಾರಿಯಿಂದ ಹತ್ತಿರದ ನಿಲುವಿಗೆ ಬಂದಿದೆ. ‘ಹಮ್ ಹಿಂದೂಸ್ತಾನಿ’ ನಾಟಕಕ್ಕೂ ‘ನ್ಯೂ ಡೆಲ್ಲಿ’ ಚಲನಚಿತ್ರಕ್ಕೂ ಇದ್ದ ಹೋಲಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪು ಕೊಟ್ಟಿತು. ಕಲ್ಪನೆ, ವಸ್ತು, ಕಥಾಸಾರ ಇವಕ್ಕೆ ಕೃತಿಸ್ವಾಮ್ಯವಿಲ್ಲ, ಅವುಗಳ ಅಭಿವ್ಯಕ್ತಿಗೆ ಮಾತ್ರ ಉಂಟು ಎಂದು ಅದು ಸ್ಪಷ್ಟಪಡಿಸಿತು. ಪ್ರಾಂತೀಯತೆ ಎರಡೂ ಕೃತಿಗಳ ವಸ್ತುವಾಗಿದ್ದರೂ ನಿರೂಪಣೆ ಬೇರೆಯಾಗಿತ್ತೆಂದು ಚಲನಚಿತ್ರದವರ ಪರವಾಗಿ ತೀರ್ಮಾನವಾಯಿತು.

ಈ ಬಳಕೆಗಳನ್ನೆಲ್ಲ ಒಟ್ಟಿಗಿಟ್ಟರೆ ‘ಸ್ವೋಪಜ್ಞ’ ಒಂದು ಕೃತಿಯ ಮೇಲೆ ಸಾರಾಸಗಟಾಗಿ ಒತ್ತುವ ಮುದ್ರೆಯಾಗಿ ಉಳಿಯುವುದಿಲ್ಲ. ಕೃತಿಯ ಯಾವ ಅಂಶಕ್ಕೆ ಅದು ಸಲ್ಲುತ್ತದೆ ಎಂದು ಹೇಳಬೇಕಾಗುತ್ತದೆ. ಪಾಣಿನಿಯಲ್ಲಿ ಅದು ಕಾಲಲಕ್ಷಣವನ್ನು ಬಿಟ್ಟದ್ದು, ಕೇಶಿರಾಜನಲ್ಲಿ ವೃತ್ತಿ, ರನ್ನನಲ್ಲಿ ಕಥೆಯ ಕೋನ, ಕುವೆಂಪು ಅವರಲ್ಲಿ ರಾಮನ ಅಗ್ನಿಪ್ರವೇಶ. ಆ ಅಂಶವನ್ನು ಗುರುತಿಸಲು ಹಿಂದಿನ ಕೃತಿಗಳ ಓದು ವಿಮರ್ಶಕನಿಗೂ ಬೇಕು, ಬರೆಯುವವನಿಗೂ ಬೇಕು. ತನಗಿಂತ ಮುಂಚೆ ಏನಾಗಿದೆ ಎಂದು ತಿಳಿಯದವನಿಗೆ ತಾನು ಎಲ್ಲಿ ಬೇರೆಯಾದೆ ಎಂಬುದೂ ತಿಳಿಯುವುದಿಲ್ಲ.