ತಾಯಿಯ ಮೇಲಿನ ಅಪವಾದ ಕಳೆದ ಬಗೆ

ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಓರಗೆಯ ಮಕ್ಕಳು ಆಡುತ್ತಿದ್ದರೂ ಮೂಲೆಯಲ್ಲಿ ಕುಳಿತು ಆಟಿಕೆ ಬಂಡಿಯ ಚಕ್ರವನ್ನಷ್ಟೇ ತಿರುಗಿಸುವ ಮಗುವನ್ನು ಕಂಡರೆ ನೆರೆಹೊರೆಯವರು ಮೊದಲು ಬೆರಳು ತೋರುವುದು ತಾಯಿಯತ್ತ. ಈ ಅಪವಾದಕ್ಕೆ ಒಂದು ಕಾಲದಲ್ಲಿ ವೈದ್ಯರೂ ಮುದ್ರೆಯೊತ್ತಿದ್ದರು.

ಅಮೆರಿಕದ ಬಾಲ್ಟಿಮೋರ್‌ನ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಪ್ರಕಟಿಸಿ ಆಟಿಸಂ ಅನ್ನು ಪ್ರತ್ಯೇಕ ಸ್ಥಿತಿಯೆಂದು ಗುರುತಿಸಿದರು. ಇದು ಹುಟ್ಟಿನಿಂದಲೇ ಬಂದದ್ದೆಂದು ಆಗ ಹೇಳಿದ ಅವರೇ ಮುಂದೆ ಹೆತ್ತವರ ತಣ್ಣನೆಯ ಸ್ವಭಾವದ ಕುರಿತು ಬರೆದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅವರ ಪುಸ್ತಕ ಈ ವಾದಕ್ಕೆ ವ್ಯಾಪಕ ಪ್ರಚಾರ ನೀಡಿತು. ಅಸಂಖ್ಯ ತಾಯಂದಿರಿಗೆ ‘ರೆಫ್ರಿಜರೇಟರ್ ತಾಯಿ’ ಎಂಬ ಕಳಂಕ ಅಂಟಿತು.

ಇದನ್ನು ಪ್ರಶ್ನಿಸಿದವರಲ್ಲಿ ಪ್ರಮುಖರು ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್. ಆಟಿಸಂ ಇದ್ದ ಮಗನ ತಂದೆಯೂ ಆಗಿದ್ದ ಅವರು, ಇದರ ಮೂಲ ಮಿದುಳಿನಲ್ಲಿದೆಯೆಂದು 1964ರಲ್ಲೇ ವಾದಿಸಿದ್ದರು. 1969ರಲ್ಲಿ ಪಾಲಕರ ಸಭೆಯೊಂದರಲ್ಲಿ ಕ್ಯಾನರ್ ಸ್ವತಃ ಹೆತ್ತವರನ್ನು ದೋಷಮುಕ್ತರೆಂದು ಸಾರಿದರು. 1977ರಲ್ಲಿ ಬ್ರಿಟನ್‌ನಲ್ಲಿ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನ ಅನುವಂಶೀಯತೆಯ ಪಾತ್ರವನ್ನು ತೋರಿಸಿಕೊಟ್ಟಿತು.

ಅಪವಾದ ಸರಿದಂತೆ ಚಿಕಿತ್ಸೆಯ ದಿಕ್ಕೂ ಬದಲಾಯಿತು. ಎರಿಕ್ ಶಾಪ್ಲರ್ 1972ರಲ್ಲಿ ಉತ್ತರ ಕೆರೊಲಿನಾದಲ್ಲಿ ಆರಂಭಿಸಿದ ‘ಟೀಚ್’ ಯೋಜನೆ ಪಾಲಕರನ್ನೇ ಸಹಶಿಕ್ಷಕರನ್ನಾಗಿ ಮಾಡಿತು. 1981ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಆಸ್ಪರ್ಗರ್ ಸಿಂಡ್ರೋಮ್ ಕುರಿತು ಬರೆದ ಮೇಲೆ, ಮಾತು ಬಲ್ಲ ಆದರೆ ಬೆರೆಯಲು ತಿಳಿಯದ ಮಕ್ಕಳತ್ತಲೂ ಗಮನ ಹರಿಯಿತು.

ಅದೇ ದಶಕದ ಆರಂಭದಲ್ಲಿ ಫಿಲಿಪ್ ಸ್ಟ್ರೇನ್ ಪಿಟ್ಸ್‌ಬರ್ಗ್‌ನಲ್ಲಿ ‘ಲೀಪ್’ ಎಂಬ ಶಿಶುವಿಹಾರ ಕಾರ್ಯಕ್ರಮ ರೂಪಿಸಿದರು. ಅಲ್ಲಿ ಆಟಿಸಂ ಇರುವ ಮಕ್ಕಳೂ ಇಲ್ಲದ ಮಕ್ಕಳೂ ಒಟ್ಟಿಗೆ ಕಲಿಯುತ್ತಿದ್ದರು. ವಿಶೇಷವೆಂದರೆ ಪಾಠ ಇಬ್ಬರಿಗೂ ಇತ್ತು. ಗೆಳೆಯನ ಗಮನ ಸೆಳೆಯುವುದು, ಆಟಿಕೆ ಹಂಚಿಕೊಳ್ಳುವುದು, ಆಟಕ್ಕೆ ಕರೆಯುವುದು, ಉತ್ತರ ಬಾರದಿದ್ದರೆ ಮತ್ತೆ ಪ್ರಯತ್ನಿಸುವುದು – ಇವನ್ನು ಉಳಿದ ಮಕ್ಕಳಿಗೂ ಹೇಳಿಕೊಡಲಾಗುತ್ತಿತ್ತು. ಶಿಕ್ಷಕರಿಗೆ ಕೈಪಿಡಿಯನ್ನಷ್ಟೇ ಕೊಟ್ಟ ತರಗತಿಗಳಿಗಿಂತ, ಪೂರ್ಣ ತರಬೇತಿ ಕೊಟ್ಟ ತರಗತಿಗಳ ಮಕ್ಕಳು ಹೆಚ್ಚು ಪ್ರಗತಿ ಸಾಧಿಸಿದರೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಭಾರತದಲ್ಲಿ 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಗುರುತಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಗೂ ಅದು ಸೇರಿತು. ಕಾಗದದ ಮೇಲೆ ಹಕ್ಕು ಬಂದಿದೆ. ಆದರೆ ಮೂಲೆಯಲ್ಲಿ ಕುಳಿತ ಮಗುವಿನ ಬಳಿಗೆ ಚೆಂಡು ಹಿಡಿದು ಹೋಗುವುದನ್ನು ಪಕ್ಕದ ಮಗುವಿಗೆ ಕಲಿಸಬೇಕಾದವರು ಹಿರಿಯರೇ.