ಅಮೀನುಲ್ ಮುಲ್ಕ್: ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಮತ್ತು ಅಧಿಕಾರವೆಂಬ ಅಮಾನತ್ತು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಬದುಕು ನಿಂತಿರುವುದು ನೀರಿನ ಮೇಲೆ. ನಂಜನಗೂಡಿನ ಮಗ್ಗುಲಲ್ಲಿ ಹರಿಯುವ ಕಪಿಲೆಯು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ನರಸೀಪುರ ತಾಲ್ಲೂಕಿನ ತಲಕಾಡು ಸೀಮೆಯಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಅಣೆಕಟ್ಟೆಯೊಂದಿದೆ. ಅದನ್ನು ಇಂದಿಗೂ ಜನ ‘ಮಾಧವ ಮಂತ್ರಿ ಅಣೆಕಟ್ಟೆ’ ಎಂದೇ ಕರೆಯುತ್ತಾರೆ. ವಿಜಯನಗರದ ಕಾಲದ ಆ ಮಂತ್ರಿಯ ಕುಲ, ಗೋತ್ರ, ವೈಭವಗಳ ಬಗ್ಗೆ ಗದ್ದೆಗೆ ನೀರು ತಿರುಗಿಸುವ ರೈತನು ವಿಚಾರಿಸುವುದಿಲ್ಲ. ಆದರೆ ನೀರು ಬರುತ್ತದೆ. ನೀರಿನೊಡನೆ ಆ ಹೆಸರೂ ಬರುತ್ತದೆ. ಅಧಿಕಾರದಲ್ಲಿದ್ದವನು ಹೋದ ಮೇಲೆ ಏನು ಉಳಿಯಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸರಳವಾದ ಉತ್ತರ ನಮಗೆ ಕಾಣುವುದಿಲ್ಲ.

ನಮ್ಮ ಮಕ್ಕಳಿಗೆ ಪಾಠ ಹೇಳುವಾಗ ಒಂದು ಪ್ರಶ್ನೆಯನ್ನು ನಾವು ಆಗಾಗ ಎದುರಿಸಬೇಕಾಗುತ್ತದೆ: “ಉಸ್ತಾದ್, ಈ ನಾಡನ್ನು ಕಟ್ಟಿದವರಲ್ಲಿ ನಮ್ಮವರು ಯಾರಿದ್ದಾರೆ?” ಸಾಮಾನ್ಯವಾಗಿ ನಮ್ಮೆಲ್ಲರ ನಾಲಗೆಗೆ ಮೊದಲು ಬರುವ ಹೆಸರು ಹಝ್ರತ್ ಟಿಪ್ಪು ಸುಲ್ತಾನರದು. ನಂಜನಗೂಡಿನಲ್ಲಂತೂ ಅದು ಸಹಜ. ಸುಲ್ತಾನರ ಪಟ್ಟದಾನೆಯ ಕಣ್ಣಿನ ಬೇನೆ ವಾಸಿಯಾದುದರಿಂದ ಅವರು ಶ್ರೀಕಂಠೇಶ್ವರ ದೇವಾಲಯಕ್ಕೆ ಪಚ್ಚೆಯ ಲಿಂಗವನ್ನು ಅರ್ಪಿಸಿ, ಅಲ್ಲಿಯ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದರೆಂಬ ಪ್ರತೀತಿಯನ್ನು ಇಲ್ಲಿನ ಹಿಂದೂಗಳೂ ಮುಸ್ಲಿಮರೂ ಒಂದೇ ಅಭಿಮಾನದಿಂದ ಹೇಳುತ್ತಾರೆ. ಆದರೆ ಉತ್ತರವು ಅಲ್ಲಿಗೇ ನಿಂತುಬಿಟ್ಟರೆ, ಮಕ್ಕಳು 1799ರಿಂದ ಈಚೆಗೆ ನಮಗೆ ಚರಿತ್ರೆಯೇ ಇಲ್ಲವೆಂದು ಭಾವಿಸುತ್ತಾರೆ. ಖಡ್ಗ ಹಿಡಿದವರನ್ನು ನೆನೆಯುವ ನಾವು ಲೇಖನಿ ಹಿಡಿದು ನಾಡನ್ನು ನಡೆಸಿದವರನ್ನು ಮರೆತಿದ್ದೇವೆ. ಅಂಥವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಅವರ ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್ ನಗರದಿಂದ ಬಂದವರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿಗೆ ಬಂದು ಕುದುರೆಗಳ ವ್ಯಾಪಾರದಿಂದ ಏಳಿಗೆಗೆ ಬಂದ ಅವರ ಹೆಸರಿನ ರಸ್ತೆಯೊಂದು ಈಗಲೂ ಆ ನಗರದಲ್ಲಿದೆ. ತಂದೆ ಆಗಾ ಜಾನ್ ಮೈಸೂರು ಅರಮನೆಯ ಸೇವೆಯಲ್ಲಿದ್ದರು. ಮಿರ್ಜಾ ಇಸ್ಮಾಯಿಲ್ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅವರಿಗಿಂತ ಒಂದು ವರ್ಷ ಕಿರಿಯರಾದ ರಾಜಕುಮಾರರು, ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರೆಂದು ಪ್ರಸಿದ್ಧರಾದವರು, ಅವರ ಸಹಪಾಠಿಗಳು. ಸ್ಟುವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈಕೆಳಗೆ ಇಬ್ಬರೂ ಒಟ್ಟಿಗೆ ಕಲಿತರು. ಹಿಂದೂ ಅರಸು ಮತ್ತು ಮುಸ್ಲಿಂ ದಿವಾನರ ನಡುವೆ ಮುಂದೆ ಹದಿನಾಲ್ಕು ವರ್ಷಗಳ ಕಾಲ ಅಲುಗದೆ ನಿಂತ ವಿಶ್ವಾಸದ ಬೇರು ಆ ಪಾಠದ ಕೊಠಡಿಯಲ್ಲಿದೆ.

ಮಿರ್ಜಾ ಅವರು ಗೆಳೆತನದ ಬಲದಿಂದ ಒಮ್ಮೆಗೇ ಮೇಲೇರಿದವರಲ್ಲ. 1905ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು ಪೊಲೀಸ್ ಇಲಾಖೆಯಲ್ಲಿ ಕಿರಿಯ ಅಧಿಕಾರಿಯಾಗಿ ಸೇರಿದರು. ಅಲ್ಲಿಂದ ಅರಮನೆಯ ಹುಜೂರ್ ಕಚೇರಿಗೆ, ಮುಂದೆ ಮಹಾರಾಜರ ಖಾಸಗಿ ಕಾರ್ಯದರ್ಶಿಯ ಸ್ಥಾನಕ್ಕೆ ಬಂದರು. 1926ರ ಮೇ ತಿಂಗಳಲ್ಲಿ ದಿವಾನರಾದಾಗ ಅವರ ಬೆನ್ನ ಹಿಂದೆ ಇಪ್ಪತ್ತೊಂದು ವರ್ಷಗಳ ದುಡಿಮೆಯಿತ್ತು.

ಇದಕ್ಕೆ ಮೊದಲೇ, 1920ರಲ್ಲಿ, ಮಹಾರಾಜರು ಅವರಿಗೆ ‘ಅಮೀನುಲ್ ಮುಲ್ಕ್’ ಎಂಬ ಬಿರುದನ್ನು ನೀಡಿದ್ದರು. ‘ನಾಡಿನ ವಿಶ್ವಾಸಪಾತ್ರ’ ಎಂಬುದು ಅದರ ಅರ್ಥ. ಈ ಪದವು ನಮ್ಮ ಕಿವಿಗೆ ಹೊಸದಲ್ಲ. ಪ್ರವಾದಿವರ್ಯರನ್ನು (ಸ) ಪ್ರವಾದಿತ್ವಕ್ಕೆ ಮೊದಲೇ ಮಕ್ಕಾದ ಜನರು ‘ಅಲ್ ಅಮೀನ್’ ಎಂದು ಕರೆಯುತ್ತಿದ್ದರು. ಅಮೀನ್ ಮತ್ತು ಅಮಾನತ್ತು ಒಂದೇ ಧಾತುವಿನಿಂದ ಹುಟ್ಟಿದ ಪದಗಳು. ಅಮಾನತ್ತು ಎಂದರೆ ಕಾಯ್ದಿರಿಸಲು ನಮ್ಮ ವಶಕ್ಕೆ ಬಂದ, ಆದರೆ ನಮ್ಮದಲ್ಲದ ವಸ್ತು. ಪ್ರವಾದಿ ಯೂಸುಫರು (ಅ) ಪರದೇಶದಲ್ಲಿ, ಅನ್ಯ ಅರಸನ ಆಳ್ವಿಕೆಯಲ್ಲಿ ಉಗ್ರಾಣದ ಹೊಣೆ ಹೊತ್ತು ಬರಗಾಲದಲ್ಲಿ ಜನರನ್ನು ಉಳಿಸಿದ ಕಥೆಯನ್ನು ನಾವೆಲ್ಲರೂ ಮಕ್ಕಳಿಗೆ ಹೇಳಿದ್ದೇವೆ. ಧಾನ್ಯವನ್ನು ಅಳೆದುಕೊಡುವಾಗ ಹಸಿದವನು ಯಾರ ಕಡೆಯವನೆಂದು ಕೇಳಲಾಗದು ಎಂಬುದು ಆ ಕಥೆಯಲ್ಲಿ ಅಧಿಕಾರಿಗಳಿಗಿರುವ ಪಾಠ. ಪ್ರವಾದಿಗಳ ಸ್ಥಾನಕ್ಕೆ ಯಾರನ್ನೂ ಹೋಲಿಸಲಾಗದು. ಆದರೆ ಅವರು ತೋರಿದ ದಾರಿಯಲ್ಲಿ ಒಬ್ಬ ಅಧಿಕಾರಿ ಎಷ್ಟು ದೂರ ನಡೆದನೆಂದು ಅಳೆಯುವುದು ತಪ್ಪಲ್ಲ.

ಹಾಗೆ ಅಳೆಯುವಾಗ ನಮ್ಮ ತಾಲ್ಲೂಕಿನಿಂದಲೇ ಆರಂಭಿಸೋಣ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಅದು ಅಲ್ಲಿಯೇ ಮೂವತ್ತೈದು ವರ್ಷ ನಿಂತಿತ್ತು. 1926ರ ಆಗಸ್ಟ್‌ನಲ್ಲಿ, ಮಿರ್ಜಾ ಅವರು ಅಧಿಕಾರ ವಹಿಸಿಕೊಂಡ ಮೂರೇ ತಿಂಗಳಲ್ಲಿ, ಅದು ಚಾಮರಾಜನಗರದವರೆಗೆ ಓಡಿತು. ಮೂರು ತಿಂಗಳಲ್ಲಿ ಯಾರೂ ರೈಲು ಮಾರ್ಗ ಹಾಕಲಾರರು. ಅದರ ಶ್ರೇಯಸ್ಸು ಹಿಂದಿನ ದಿವಾನರಿಗೆ ಸಲ್ಲಬೇಕು. ಇನ್ನೊಬ್ಬರು ಆರಂಭಿಸಿದ್ದನ್ನು ಕೆಡಿಸದೆ ಮುಗಿಸುವುದೂ ಆಡಳಿತದ ಒಂದು ಗುಣವೆಂಬುದನ್ನು ಮಾತ್ರ ನಾವಿಲ್ಲಿ ಗಮನಿಸುತ್ತೇವೆ.

ಮರುವರ್ಷ, 1927ರಲ್ಲಿ, ನಂಜನಗೂಡು ತಾಲ್ಲೂಕಿನ ಬದನವಾಳು ಗ್ರಾಮದಲ್ಲಿ ಮೈಸೂರು ಸರ್ಕಾರವು ಖಾದಿ ಕೇಂದ್ರವನ್ನು ತೆರೆಯಿತು. ಇದರ ಮಹತ್ವವನ್ನು ಅರಿಯಬೇಕಾದರೆ ಆ ಕಾಲವನ್ನು ನೆನೆಯಬೇಕು. ಬ್ರಿಟಿಷರ ನೇರ ಆಳ್ವಿಕೆಯ ಪ್ರಾಂತಗಳಲ್ಲಿ ಖಾದಿಯೆಂದರೆ ಸರ್ಕಾರದ ವಿರುದ್ಧದ ಉಡುಪು. ಅದೇ ಬ್ರಿಟಿಷರ ಅಧೀನದಲ್ಲಿದ್ದ ಒಂದು ಸಂಸ್ಥಾನದ ಸರ್ಕಾರವು ತನ್ನ ಬೊಕ್ಕಸದಿಂದ ಹಣ ಕೊಟ್ಟು ಹಳ್ಳಿಯ ಹೆಣ್ಣುಮಕ್ಕಳ ಕೈಗೆ ರಾಟೆ ಇತ್ತಿತು. ಮಳೆ ಕೈಕೊಟ್ಟ ವರ್ಷದಲ್ಲಿ, ಹೊಲದಲ್ಲಿ ಕೂಲಿಯಿಲ್ಲದ ತಿಂಗಳುಗಳಲ್ಲಿ, ನೂಲುವ ಕೈಗೆ ನಾಲ್ಕು ಕಾಸು ಸಿಗುವಂತಾಯಿತು. ಅದೇ ವರ್ಷ ಗಾಂಧೀಜಿಯವರು ಅಸ್ವಸ್ಥರಾಗಿ ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದಾಗ ಅವರನ್ನು ಅತಿಥಿಯಾಗಿ ಕಂಡದ್ದೂ ಇದೇ ಸಂಸ್ಥಾನ. ಬಹುಕಾಲದ ಮೇಲೆ, 2015ರಲ್ಲಿ, ರಂಗಕರ್ಮಿ ಪ್ರಸನ್ನರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಲು ಆರಿಸಿಕೊಂಡದ್ದು ಬದನವಾಳಿನ ಆ ಕೇಂದ್ರದ ಅಂಗಳವನ್ನೇ.

ಮಿರ್ಜಾ ಅವರ ಹದಿನೈದು ವರ್ಷಗಳ ದಿವಾನಗಿರಿಯಲ್ಲಿ ಸಂಸ್ಥಾನದ ಮುಖವೇ ಬದಲಾಯಿತು. ಕನ್ನಂಬಾಡಿಯ ಕಟ್ಟೆಯು ಸರ್ ಎಂ. ವಿಶ್ವೇಶ್ವರಯ್ಯನವರ ಕನಸು, ಅದರ ಕಾಲುವೆಯ ನೀರು ಮಂಡ್ಯದ ಬರಡು ನೆಲವನ್ನು ತಲುಪಿದ್ದು ಮಿರ್ಜಾ ಅವರ ಕಾಲದಲ್ಲಿ. ನೀರು ಬಂದಲ್ಲಿ ಕಬ್ಬು ಬಂತು. ಕಬ್ಬಿಗಾಗಿ 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಭದ್ರಾವತಿಯ ಕಾಗದದ ಕಾರ್ಖಾನೆ, ಬೆಳಗೊಳದ ರಾಸಾಯನಿಕ ಗೊಬ್ಬರದ ಕಾರ್ಖಾನೆ, ಬೆಂಗಳೂರಿನ ವಿದ್ಯುದ್ದೀಪದ ಕಾರ್ಖಾನೆ ಹಾಗೂ ಪಿಂಗಾಣಿ ಕಾರ್ಖಾನೆಗಳು ಆ ಕಾಲದವು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್‌ರು ವಿಮಾನ ಕಾರ್ಖಾನೆಗೆ ಬೆಂಗಳೂರನ್ನು ಆರಿಸಿಕೊಂಡುದರ ಹಿಂದೆ ಮೈಸೂರು ಸರ್ಕಾರದ ನೆರವಿತ್ತು. ಇಂದಿನ ಎಚ್‌ಎಎಲ್ ಅದೇ. ಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನವೂ ಅವರ ಕಲ್ಪನೆಯೇ. ಮುಂಜಾನೆ ಕುದುರೆಯೇರಿ ಹೊರಟು ಬೀದಿ, ಚರಂಡಿ, ತೋಟಗಳನ್ನು ಕಣ್ಣಾರೆ ನೋಡಿ ಬರುವುದು ಅವರ ವಾಡಿಕೆಯಾಗಿತ್ತು. ಶುಚಿತ್ವವನ್ನು ಈಮಾನಿನ ಭಾಗವೆಂದು ಕಲಿತ ನಮಗೆ, ಊರಿನ ಚರಂಡಿಯನ್ನು ನೋಡಲು ಹೊರಟ ದಿವಾನರ ಈ ನಡೆಯು ಹತ್ತಿರದ್ದಾಗಿ ಕಾಣಬೇಕು.

ಆದರೆ ಹೊಗಳಿಕೆಯೊಂದೇ ಚರಿತ್ರೆಯಾಗದು. ಅಮಾನತ್ತಿಗೆ ಲೆಕ್ಕವುಂಟು, ಲೆಕ್ಕದಲ್ಲಿ ಎರಡು ಕಡೆಗಳುಂಟು.

1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರ ಆವರಣದಲ್ಲಿದ್ದ ಗಣಪತಿಯ ವಿಗ್ರಹದ ವಿಷಯದಲ್ಲಿ ಗಲಭೆಯೆದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಮುಂದಾಳುಗಳ ಬಂಧನವಾಯಿತು, ಎರಡು ಸಮುದಾಯಗಳ ನಡುವೆ ಘರ್ಷಣೆಯಾಯಿತು. ದಿವಾನರು ಮುಸ್ಲಿಮರಾದ ಕಾರಣ ಅವರ ಪ್ರತಿಯೊಂದು ಆಜ್ಞೆಯಲ್ಲಿಯೂ ಪಕ್ಷಪಾತವನ್ನು ಹುಡುಕುವವರು ಹುಟ್ಟಿಕೊಂಡರು. ಆಗ ಸರ್ಕಾರವು ವಿಚಾರಣೆಗೆ ಸಮಿತಿಯೊಂದನ್ನು ನೇಮಿಸಿ, ಅದರ ಅಧ್ಯಕ್ಷತೆಯನ್ನು ಸ್ವತಃ ವಿಶ್ವೇಶ್ವರಯ್ಯನವರಿಗೆ ವಹಿಸಿತು. ತನ್ನ ಮೇಲೆಯೇ ಸಂಶಯ ಬಂದಾಗ, ಎಲ್ಲರೂ ಗೌರವಿಸುವ ಹಿರಿಯರೊಬ್ಬರ ಮುಂದೆ ಸರ್ಕಾರದ ನಡೆಯನ್ನು ಪರೀಕ್ಷೆಗೆ ಒಡ್ಡುವುದು ಸುಲಭದ ಮಾತಲ್ಲ. ಅಲ್ಪಸಂಖ್ಯಾತ ಸಮುದಾಯದಿಂದ ಬಂದ ಅಧಿಕಾರಿಯ ಸ್ಥಿತಿ ಎಂಥದೆಂಬುದನ್ನು ಈ ಪ್ರಸಂಗವು ತೋರುತ್ತದೆ. ಅವನು ತಪ್ಪಿದರೆ ತಪ್ಪು ಅವನೊಬ್ಬನದಾಗಿ ಉಳಿಯುವುದಿಲ್ಲ.

ಹತ್ತು ವರ್ಷಗಳ ಬಳಿಕ ಬಂದ ಪರೀಕ್ಷೆ ಇನ್ನೂ ಕಠಿಣವಾದುದು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು; ಹಲವರು ಪ್ರಾಣ ತೆತ್ತರು. ಜವಾಬ್ದಾರಿ ಸರ್ಕಾರವನ್ನು ಬೇಡಿದ ಪ್ರಜೆಗಳ ಮೇಲೆ ಹಾರಿದ ಆ ಗುಂಡಿನ ಹೊಣೆಯಿಂದ ಅಂದಿನ ಸರ್ಕಾರದ ಮುಖ್ಯಸ್ಥರಾದ ದಿವಾನರನ್ನು ಬಿಡಿಸಲು ನಮಗೆ ಸಾಧ್ಯವಿಲ್ಲ. ಬಳಿಕ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರು ಬಂದು ಮಾತುಕತೆ ನಡೆಸಿದಾಗ ಮಿರ್ಜಾ ಅವರು ಒಪ್ಪಂದಕ್ಕೆ ಬಂದರು. ಕಾಂಗ್ರೆಸ್ಸಿನ ಧ್ವಜವು ಮೈಸೂರಿನ ಧ್ವಜದೊಡನೆ ಹಾರಲು ಅವಕಾಶವಾಯಿತು. ಆದರೆ ಹೋದ ಜೀವಗಳು ಮರಳಲಿಲ್ಲ. ಕಾರ್ಖಾನೆ, ಕಾಲುವೆ, ಉದ್ಯಾನಗಳನ್ನು ಕೊಟ್ಟ ಆಡಳಿತವು, ಪ್ರಜೆಗಳು ತಮ್ಮನ್ನು ತಾವೇ ಆಳಿಕೊಳ್ಳುವ ಹಕ್ಕನ್ನು ಕೊಡಲು ಹಿಂದೆಗೆಯಿತು. ನಮ್ಮವರೆಂಬ ಅಭಿಮಾನದಿಂದ ಈ ಪುಟವನ್ನು ಹರಿದುಹಾಕಿದರೆ ನಾವು ನ್ಯಾಯಕ್ಕೆ ದ್ರೋಹ ಬಗೆದಂತೆ. ನ್ಯಾಯದ ಸಾಕ್ಷ್ಯವು ಸ್ವಂತ ಬಂಧುಗಳ ವಿರುದ್ಧವಾದರೂ ಹೇಳಲೇಬೇಕಾದುದು ಎಂಬುದು ನಾವು ಕಲಿತ ಪಾಠ.

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ಅವರು ರಾಜೀನಾಮೆಯಿತ್ತರು. 1942ರಲ್ಲಿ ಜಯಪುರದ ಪ್ರಧಾನಿಯಾದರು. ಆ ನಗರದ ಹೆದ್ದಾರಿಯೊಂದು ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ. 1946ರಲ್ಲಿ ಹೈದರಾಬಾದಿನ ನಿಜಾಮರು ಅವರನ್ನು ಕರೆಸಿಕೊಂಡರು. ಮಹಮ್ಮದಾಲಿ ಜಿನ್ನಾ ಅವರು ಈ ನೇಮಕವನ್ನು ವಿರೋಧಿಸಿದರು. ಮಿರ್ಜಾ ಅವರು ದೇಶ ವಿಭಜನೆಯನ್ನು ಒಪ್ಪದವರು. ಹೈದರಾಬಾದು ಭಾರತದೊಡನೆ ಹೊಂದಿಕೊಂಡು ಬಾಳಬೇಕೆಂದು ಬಯಸಿದವರು. ಇತ್ತೆಹಾದ್ ಪಕ್ಷದ ಹಟದ ಮುಂದೆ ಅವರ ಮಾತು ನಡೆಯಲಿಲ್ಲ. 1947ರ ಮೇ ತಿಂಗಳಲ್ಲಿ ಅವರು ಹುದ್ದೆಯನ್ನು ಬಿಟ್ಟು ಬಂದರು. ಮುಂದಿನ ವರ್ಷ ಹೈದರಾಬಾದಿನಲ್ಲಿ ಏನಾಯಿತು, ಬಡ ಮುಸ್ಲಿಂ ಕುಟುಂಬಗಳು ಅದಕ್ಕೆ ಎಂಥ ಬೆಲೆ ತೆತ್ತವು ಎಂಬುದನ್ನು ಬಲ್ಲವರಿಗೆ, ಅವರ ಮಾತನ್ನು ಕೇಳಿದ್ದರೆ ಎಂಬ ನಿಟ್ಟುಸಿರು ಬಾರದೆ ಇರದು. 1928ರಲ್ಲಿ ‘ಮುಸ್ಲಿಮರ ಪಕ್ಷಪಾತಿ’ ಎನಿಸಿಕೊಂಡವರೇ 1947ರಲ್ಲಿ ‘ಮುಸ್ಲಿಮರ ವಿರೋಧಿ’ ಎನಿಸಿಕೊಂಡರು. ಮಧ್ಯದಲ್ಲಿ ನಿಂತವನ ಪಾಡು ಎಂದಿಗೂ ಇಷ್ಟೇ.

ಸ್ವಾತಂತ್ರ್ಯದ ಬಳಿಕ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಅವರು ಇಂಡೋನೇಷ್ಯಾದಲ್ಲಿ ಕೆಲಸ ಮಾಡಿದರು. ಡಚ್ಚರಿಂದ ಆಗತಾನೆ ಬಿಡುಗಡೆ ಹೊಂದಿದ, ಮುಸ್ಲಿಮರೇ ಬಹುಸಂಖ್ಯಾತರಾದ ಆ ನಾಡಿಗೆ ಮೈಸೂರಿನ ಆಡಳಿತದ ಅನುಭವವು ಹೀಗೆ ಸಮುದ್ರ ದಾಟಿ ಹೋಯಿತು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು.

ಈಗ ಮಕ್ಕಳ ಪ್ರಶ್ನೆಗೆ ಮರಳೋಣ. “ನಮ್ಮವರು ಯಾರಿದ್ದಾರೆ?” ಎಂದು ಕೇಳಿದಾಗ ಮಿರ್ಜಾ ಇಸ್ಮಾಯಿಲರ ಹೆಸರನ್ನು ನಾವು ಹೇಳಬೇಕು. ಆದರೆ ಹೆಸರು ಹೇಳಿ ಎದೆಯುಬ್ಬಿಸಿದರೆ ಸಾಲದು. ಬದನವಾಳಿನಲ್ಲಿ ರಾಟೆ ಹಿಡಿದ ಹೆಣ್ಣುಮಗಳು, ಮಂಡ್ಯದಲ್ಲಿ ಕಬ್ಬು ನೆಟ್ಟ ಒಕ್ಕಲಿಗ ಅವರಿಗೆ ‘ನಮ್ಮವರು’ ಆಗಿದ್ದರು ಎಂಬುದನ್ನೂ ಹೇಳಬೇಕು. ಅಮೀನನಿಗೆ ‘ನಮ್ಮವರು’ ಎಂಬ ಪದದ ವ್ಯಾಪ್ತಿ ದೊಡ್ಡದು. ವಿದುರಾಶ್ವತ್ಥದಲ್ಲಿ ಆ ವ್ಯಾಪ್ತಿ ಕುಗ್ಗಿತು ಎಂಬುದನ್ನೂ ಮುಚ್ಚಿಡದೆ ಹೇಳಬೇಕು.

ನಮ್ಮ ಮಕ್ಕಳಲ್ಲಿ ಎಲ್ಲರೂ ದಿವಾನರಾಗುವುದಿಲ್ಲ. ಒಬ್ಬನು ಗ್ರಾಮ ಪಂಚಾಯಿತಿಯ ಸದಸ್ಯನಾಗಬಹುದು, ಒಬ್ಬಳು ಶಾಲೆಯ ಶಿಕ್ಷಕಿಯಾಗಬಹುದು, ಇನ್ನೊಬ್ಬನು ಮಸೀದಿಯ ಜಮಾಅತ್ ಸಮಿತಿಯ ಖಜಾಂಚಿಯಾಗಬಹುದು. ಕೈಗೆ ಬಂದದ್ದು ಸಂಸ್ಥಾನದ ಬೊಕ್ಕಸವಾದರೂ ಮಸೀದಿಯ ಚಂದಾ ಪೆಟ್ಟಿಗೆಯಾದರೂ ಅಮಾನತ್ತಿನ ನಿಯಮ ಒಂದೇ. ಮಾಧವ ಮಂತ್ರಿಯ ಅಣೆಕಟ್ಟೆಯ ನೀರು ತನ್ನನ್ನು ಕಟ್ಟಿದವನ ಮತದವರ ಗದ್ದೆಗಷ್ಟೇ ಹರಿಯುವುದಿಲ್ಲ. ಅಂಥ ನೀರಿನಂತೆ ಬಾಳುವ ಅಧಿಕಾರಿಗಳನ್ನು ನಮ್ಮ ಮನೆಗಳಿಂದ ಈ ನಾಡಿಗೆ ಕೊಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.