ಮನೆಮದ್ದು: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆ

ನೆಗಡಿ, ಕೆಮ್ಮು, ಅಜೀರ್ಣ, ಭೇದಿ, ಉರಿಮೂತ್ರ, ಉಳುಕು ಮೊದಲಾದ ದಿನನಿತ್ಯದ ತೊಂದರೆಗಳಿಗೆ ಡಾಕ್ಟರ ಹತ್ತಿರ ಹೋಗುವ ಮುನ್ನ ತುಮಕೂರು ನಗರ ಮತ್ತು ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಜನ ಮನೆಯಲ್ಲೇ ಮಾಡಿಕೊಳ್ಳುವ ಉಪಚಾರ. ನಾಟಿ ವೈದ್ಯದಿಂದ ಇದನ್ನು ಬೇರೆಯಾಗಿ ನೋಡಬೇಕು. ನಾಟಿ ಪಂಡಿತರ ಮದ್ದು ಹಲವೆಡೆ ಮನೆತನದ ಗುಟ್ಟು. ಮನೆಮದ್ದು ಊರಿಗೆಲ್ಲ ಗೊತ್ತಿರುವಂಥದು, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲೇ ದಾಟುವಂಥದು. ಈ ಉಪಚಾರಗಳಲ್ಲಿ ಹೆಚ್ಚಿನವು ರೋಗವನ್ನು ಗುಣಪಡಿಸುವುದಿಲ್ಲ, ಅದು ತಾನಾಗಿ ಇಳಿಯುವವರೆಗೆ ನೆಮ್ಮದಿ ಕೊಡುತ್ತವೆ. ಭೇದಿಗೆ ಕೊಡುವ ಗಂಜಿ ಮಾತ್ರ ಇದಕ್ಕೆ ದೊಡ್ಡ ಅಪವಾದ.

ಸಾಮಗ್ರಿ

ರಾಗಿ, ಹುರುಳಿ, ತೆಂಗು, ಅಡಿಕೆ, ಹುಣಸೆ ಬೆಳೆಯುವ ಈ ಸೀಮೆಯಲ್ಲಿ ಮದ್ದಿನ ವಸ್ತುಗಳು ಎರಡು ಕಡೆಯಿಂದ ಬರುತ್ತವೆ. ದೊಡ್ಡಪತ್ರೆ, ತುಳಸಿ, ತುಂಬೆ, ಲೋಳೆಸರ, ಅಮೃತಬಳ್ಳಿ, ನುಗ್ಗೆ, ವೀಳ್ಯದೆಲೆ ಹಿತ್ತಲು ತೋಟಗಳಲ್ಲಿ ಸಿಗುತ್ತವೆ. ಹಿಪ್ಪಲಿ, ಜಾಯಿಕಾಯಿ, ಬಜೆ, ಅಳಲೆಕಾಯಿ, ಇಂಗು, ಒಣಶುಂಠಿಗಳಿಗೆ ಪೇಟೆಯ ಗ್ರಂಧಿಗೆ ಅಂಗಡಿಗೇ ಹೋಗಬೇಕು. ಮನೆಮದ್ದೆಂದರೆ ಊರಿನ ಗಿಡಮೂಲಿಕೆ ಎಂಬ ನಂಬಿಕೆ ಹೀಗಾಗಿ ಅರ್ಧ ಮಾತ್ರ ನಿಜ. ಮೆಣಸು ಮಲೆನಾಡಿನದು, ಇಂಗು ಅಫ್ಘಾನಿಸ್ತಾನದ ಕಡೆಯದು. ಫ್ರಾನ್ಸಿಸ್ ಬುಕನನ್ 1800ರಲ್ಲಿ ಗುಬ್ಬಿಗೆ ಬಂದಾಗಲೇ ಅದು ಹೆಸರಾದ ವ್ಯಾಪಾರದ ಪೇಟೆಯಾಗಿತ್ತು. ಒಣನಾಡಿನ ಅಡುಗೆಮನೆಗಳಿಗೆ ದೂರದ ಸಾಂಬಾರ ಪದಾರ್ಥಗಳು ತಲುಪಿದ್ದು ಇಂಥ ಪೇಟೆಗಳ ಮೂಲಕವೇ ಇರಬೇಕು.

ಕಾಡಿನ ಮೂಲಿಕೆಗಳಿಗೆ ತುಮಕೂರಿಗೆ ಹತ್ತಿರದ ದೇವರಾಯನದುರ್ಗವೂ ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವೂ ಹೆಸರುವಾಸಿ. ಔಷಧಿ ಸಸ್ಯಗಳನ್ನು ಅವು ಹುಟ್ಟಿದ ನೆಲದಲ್ಲೇ ಕಾಪಾಡಲು ರಾಜ್ಯದಲ್ಲಿ ಗುರುತಿಸಿದ ಸಂರಕ್ಷಣಾ ಪ್ರದೇಶಗಳಲ್ಲಿ ದೇವರಾಯನದುರ್ಗವೂ ಒಂದು.

ಬರಹದ ಪರಂಪರೆ

ಕನ್ನಡದಲ್ಲಿ ವೈದ್ಯದ ಬರಹ ಹಳೆಯದು. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ (ಸು. 1025) ಅಡುಗೆ, ಬೇಸಾಯಗಳ ಜೊತೆಗೇ ಮದ್ದನ್ನೂ ಹೇಳುತ್ತದೆ. 12ನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’ ದನಗಳ ಚಿಕಿತ್ಸೆಗೆ ಮೀಸಲು, 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯಕ್ಕೆ. ಆದರೆ ಇಂದಿನ ಮನೆಮದ್ದು ಈ ಗ್ರಂಥಗಳಿಂದ ಇಳಿದು ಬಂತೆನ್ನಲು ಆಧಾರ ಸಾಲದು. ಹೆಂಗಸರ ಬಾಯಲ್ಲಿ ಉಳಿದ ತಿಳಿವಳಿಕೆ ಪುಸ್ತಕಗಳಿಗೆ ಸೇರಿರುವ ಸಾಧ್ಯತೆಯೂ ಅಷ್ಟೇ ಇದೆ.

ನೆಗಡಿ, ಕೆಮ್ಮು

ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ನೆಕ್ಕಿಸುವುದು, ಮೆಣಸು ಶುಂಠಿ ಕಷಾಯ, ಹುರುಳಿ ಕಟ್ಟಿನ ಸಾರು ಇಲ್ಲಿನ ರೂಢಿ. ದೊಡ್ಡಪತ್ರೆಯಲ್ಲಿ ಥೈಮಾಲ್, ಕಾರ್ವಕ್ರಾಲ್ ಎಂಬ ಘಾಟಿನ ಅಂಶಗಳಿವೆ. ಓಮದ ವಾಸನೆಗೂ ಥೈಮಾಲೇ ಮುಖ್ಯ ಕಾರಣ. ಕೆಮ್ಮಿನ ಉಪಚಾರಗಳಲ್ಲಿ ಆಧಾರ ಚೆನ್ನಾಗಿರುವುದು ಜೇನಿಗೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಅದನ್ನು ನೆಕ್ಕಿಸಬಾರದು, ಬಾಟ್ಯುಲಿಸಂ ಎಂಬ ಅಪರೂಪದ, ಆದರೆ ಜೀವಕ್ಕೇ ಎರವಾಗಬಲ್ಲ ವಿಷಬಾಧೆಯ ಭಯವಿದೆ. ಮಕ್ಕಳಿಗೆ ಹಬೆ ಹಿಡಿಸುವಾಗ ಕುದಿನೀರು ಚೆಲ್ಲಿ ಆಗುವ ಸುಟ್ಟಗಾಯ ನೆಗಡಿಗಿಂತ ದೊಡ್ಡ ಕೇಡು.

ಹೊಟ್ಟೆ ಕೆಟ್ಟಾಗ: ಗಂಜಿ, ಎಳನೀರು, ಓಆರ್‌ಎಸ್

ಹೊಟ್ಟೆ ಉಬ್ಬರಿಸಿದರೆ ಓಮದ ನೀರು, ಜೀರಿಗೆ ಕಷಾಯ, ಇಂಗು ಕಲಸಿದ ಮಜ್ಜಿಗೆ. ಭೇದಿಯಾದರೆ ಮೆಂತ್ಯ ನುಂಗಿ ಮಜ್ಜಿಗೆ ಕುಡಿಯುವುದು, ದಾಳಿಂಬೆ ಸಿಪ್ಪೆಯ ಕಷಾಯ. ದಾಳಿಂಬೆ ಸಿಪ್ಪೆಯ ಒಗರಿಗೆ ಅದರ ಟ್ಯಾನಿನ್ ಕಾರಣ. ಆದರೆ ಭೇದಿಯಲ್ಲಿ ಜೀವ ತೆಗೆಯುವುದು ಭೇದಿಯಲ್ಲ, ಮೈಯಿಂದ ಹೋಗುವ ನೀರು ಮತ್ತು ಉಪ್ಪು. ಆದ್ದರಿಂದ ಭೇದಿ ಕಟ್ಟಿಸುವ ಮದ್ದಿಗಿಂತ ನುಚ್ಚಕ್ಕಿ ಗಂಜಿ, ರಾಗಿ ಗಂಜಿ, ಉಪ್ಪು ಹಾಕಿದ ನೀರು ಮಜ್ಜಿಗೆ ಇವೇ ಹೆಚ್ಚು ಬೆಲೆಯವು.

ಇದರ ಹಿಂದಿನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭೇದಿಯ ವೇಳೆ ಸಣ್ಣ ಕರುಳು ಬರೀ ಉಪ್ಪುನೀರನ್ನು ಸರಿಯಾಗಿ ಹೀರುವುದಿಲ್ಲ. ಆದರೆ ಕರುಳಿನ ಒಳಗೋಡೆಯಲ್ಲಿರುವ ಒಂದು ಸಾಗಣೆ ಪ್ರೋಟೀನು ಗ್ಲೂಕೋಸ್ ಸಿಕ್ಕಿದಾಗ ಅದರ ಜೊತೆಗೆ ಸೋಡಿಯಮ್ಮನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅವೆರಡರ ಹಿಂದೆ ನೀರು ಹೋಗುತ್ತದೆ. ಕಾಲರಾದಲ್ಲೂ ಈ ದಾರಿ ಕೆಡುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಇಂಥ ಉಪ್ಪು-ಗ್ಲೂಕೋಸ್ ದ್ರಾವಣಕ್ಕೇ ಓಆರ್‌ಎಸ್ ಎಂದು ಹೆಸರು. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇವೆ.

ಗಂಜಿಯ ಪಿಷ್ಟವೂ ಕರುಳಿನಲ್ಲಿ ಗ್ಲೂಕೋಸಾಗಿ ನಿಧಾನವಾಗಿ ಬಿಡಿಬಿಡಿಯಾಗುತ್ತದೆ. ಹಾಗಾಗಿ ಉಪ್ಪು ಬಿದ್ದ ತೆಳು ಗಂಜಿ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ. ಅಕ್ಕಿಹಿಟ್ಟಿನ ದ್ರಾವಣ ಕಾಲರಾ ರೋಗಿಗಳಲ್ಲಿ ಭೇದಿಯ ಪ್ರಮಾಣವನ್ನೂ ತಗ್ಗಿಸುತ್ತದೆಂದು ಪ್ರಯೋಗಗಳಲ್ಲಿ ಕಂಡಿದೆ. ರಾಗಿ ಗಂಜಿಯ ಮೇಲೆ ಅಷ್ಟು ಕೆಲಸ ನಡೆದಿಲ್ಲ, ಆದರೆ ತತ್ತ್ವ ಅದೇ. ಉಪ್ಪಿಲ್ಲದ ಗಂಜಿ ಅರ್ಧ ಮದ್ದು.

ತೆಂಗಿನ ಸೀಮೆಯಾದ್ದರಿಂದ ಇಲ್ಲಿ ಭೇದಿಯಾದವರಿಗೆ ಮೊದಲು ತರಿಸುವುದು ಎಳನೀರು. ಅದು ಶುಚಿಯಾದ ಪಾನೀಯ, ಕುಡಿಯಲು ಹಿತ. ಆದರೆ ಅದರಲ್ಲಿ ಪೊಟ್ಯಾಸಿಯಂ ಬಹಳ, ಸೋಡಿಯಂ ಕಡಿಮೆ. ಭೇದಿಯಲ್ಲಿ ಹೆಚ್ಚು ಕಳೆದುಹೋಗುವುದು ಸೋಡಿಯಂ. ಓಆರ್‌ಎಸ್ ಜೊತೆಗೆ ಎಳನೀರು ಕೊಡಬಹುದು, ಬದಲಿಗೆ ಅಲ್ಲ. ಕಿಡ್ನಿ ತೊಂದರೆಯವರಿಗೆ ಈ ಪೊಟ್ಯಾಸಿಯಮ್ಮೇ ಅಪಾಯ.

ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಹಾಕಬೇಕು. ಕೈಯಂದಾಜು ಇಲ್ಲಿ ನಡೆಯದು: ಉಪ್ಪು ಹೆಚ್ಚಾದರೆ ಮಗುವಿಗೆ ಕೇಡು, ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚುತ್ತದೆ. ಪೊಟ್ಟಣವಿದ್ದರೆ ಪೂರ್ತಿ ಒಮ್ಮೆಗೇ ಅದರ ಮೇಲೆ ಬರೆದಷ್ಟು ನೀರಿಗೆ ಕಲಸಿ, 24 ಗಂಟೆಯಲ್ಲಿ ಮುಗಿಸಿ, ಉಳಿದದ್ದು ಚೆಲ್ಲಬೇಕು. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಹತ್ತಿರ ಇದು ಸಿಗುತ್ತದೆ. ಮಕ್ಕಳಿಗೆ ಜೊತೆಯಲ್ಲಿ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಬಿಡದೆ 14 ದಿನ ಮುಂದುವರಿಸಬೇಕು. ಸಕ್ಕರೆ ಹೆಚ್ಚಿದ್ದೂ ಓಆರ್‌ಎಸ್ ಎಂಬ ಹೆಸರು ಹೊತ್ತು ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಪಾನೀಯಗಳಿಗೆ ಆ ಹೆಸರು ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

‘ನೀರು ಕೊಟ್ಟರೆ ಇನ್ನೂ ಜಾಸ್ತಿ ಆಗುತ್ತೆ’ ಎಂದು ಮಗುವಿಗೆ ಹಾಲು ನೀರು ನಿಲ್ಲಿಸುವುದು ಈ ಪರಂಪರೆಯ ಅತ್ಯಂತ ಅಪಾಯದ ಭಾಗ. ಎದೆಹಾಲನ್ನು ಎಂದೂ ನಿಲ್ಲಿಸಬಾರದು. ಎಳೆಮಗುವಿನ ನೆತ್ತಿ ಗುಳಿಬಿದ್ದರೆ ಅದು ಉಷ್ಣವಲ್ಲ, ನೀರಿನ ಕೊರತೆ. ಹರಳೆಣ್ಣೆ ತಟ್ಟಿ ಕಾಯುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು. ಕಣ್ಣು ಒಳಸೇರುವುದು, ಮೂತ್ರ ನಿಲ್ಲುವುದು, ಮಗು ಜೋಲುಬೀಳುವುದು, ಮಲದಲ್ಲಿ ರಕ್ತ ಇವೂ ಹಾಗೆಯೇ.

ಎಳೆಮಕ್ಕಳ ಮದ್ದು

ಬಜೆ, ಜಾಯಿಕಾಯಿ, ಅಳಲೆಕಾಯಿ, ಒಣಶುಂಠಿಗಳನ್ನು ತೇಯುವ ಕಲ್ಲಿನ ಮೇಲೆ ಒಂದೆರಡು ಸುತ್ತು ತೇದು ಮಗುವಿಗೆ ನೆಕ್ಕಿಸುವ ರೂಢಿ ಈ ಸೀಮೆಯಲ್ಲಿ ಇನ್ನೂ ಇದೆ. ಬಜೆಯ ತುಂಡುಗಳನ್ನು ಪೋಣಿಸಿ ಕೈಗೆ ಕಟ್ಟುವುದೂ ಉಂಟು. ಬಜೆಯಲ್ಲಿರುವ ಬೀಟಾ-ಆಸರೋನ್ ಇಲಿಗಳಲ್ಲಿ ಗಡ್ಡೆ ಬರಿಸಿದ್ದು ಕಂಡು ಅಮೆರಿಕ 1968ರಲ್ಲಿ ಅದನ್ನು ಆಹಾರದಲ್ಲಿ ನಿಷೇಧಿಸಿತು. ತೇದದ್ದರಲ್ಲಿ ಎಷ್ಟು ಅಂಶ ಇಳಿಯುತ್ತದೆಂಬುದು ಪ್ರತಿ ಕೈಗೂ ಬೇರೆ. ಜಾಯಿಕಾಯಿ ಹೆಚ್ಚಾದರೆ ಮಗು ಮಂಪರಾಗುತ್ತದೆ, ಅದನ್ನು ಒಳ್ಳೆಯ ನಿದ್ದೆ ಎಂದು ತಿಳಿಯುವವರಿದ್ದಾರೆ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕೆಂಬ ಇಂದಿನ ಸಲಹೆಯಂತೆ ನಡೆಯುವುದೇ ಸರಿ. ಎಳೆಮಕ್ಕಳಿಗೆ ಮಾಡುವ ಇನ್ನೊಂದು ರೂಢಿ, ಹೊಟ್ಟೆನೋವಿಗೆ ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿದ ವೀಳ್ಯದೆಲೆಯನ್ನು ಹೊಟ್ಟೆಯ ಮೇಲಿಡುವುದು. ಎಲೆ ಸುಡುವಷ್ಟು ಬಿಸಿಯಿರದಿದ್ದರೆ ಇದರಿಂದ ತೊಂದರೆಯಿಲ್ಲ.

ಚರ್ಮ, ಕೀಲು, ಇತರ

ಕಜ್ಜಿ ತುರಿಕೆಗೆ ಹೊಂಗೆ ಎಣ್ಣೆ, ಬೇವು, ಉರಿಮೂತ್ರಕ್ಕೆ ಕಾಲ ಹೆಬ್ಬೆರಳಿಗೆ ಸುಣ್ಣ, ಬಾರ್ಲಿ ನೀರು, ಸರ್ಪಸುತ್ತಿಗೆ ಕೆಮ್ಮಣ್ಣು. ಬಾರ್ಲಿ ನೀರಿನಲ್ಲಿ ಉಪಕಾರಿ ಮುಖ್ಯವಾಗಿ ನೀರೇ. ಸುಟ್ಟಗಾಯಕ್ಕೆ ಪೇಸ್ಟು, ಹಿಟ್ಟು ಮೆತ್ತದೆ 20 ನಿಮಿಷ ತಣ್ಣೀರು ಹರಿಸಬೇಕು.

ಕೀಲುನೋವಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು ಹಿತವೇ. ಆದರೆ ಈ ಜಿಲ್ಲೆಯಲ್ಲಿ ಇನ್ನೊಂದು ಕಾರಣವನ್ನು ಮರೆಯಬಾರದು. ಪಾವಗಡ, ಮಧುಗಿರಿ, ಶಿರಾ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಿ, ಬೆನ್ನು ಮಂಡಿ ಬಿಗಿಯುತ್ತವೆ. ಆ ನೋವಿಗೆ ಎಣ್ಣೆಯಲ್ಲ, ಬೇರೆ ನೀರು ಮದ್ದು. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯ ಮೂಲಕ ಹೇಮಾವತಿ ನೀರು ಬರುತ್ತದೆ; ಕೊಳವೆಬಾವಿ ನಂಬಿದ ಹಳ್ಳಿಗಳಲ್ಲಿ ನೀರು ಪರೀಕ್ಷೆ ಮಾಡಿಸಬೇಕು.

ಕಾಮಾಲೆಗೆ ಕೊಡುವ ನೆಲನೆಲ್ಲಿ ಹೆಪಟೈಟಿಸ್ ಬಿ ವೈರಸ್ಸನ್ನು ತೊಲಗಿಸುತ್ತದೆಂದು 1988ರಲ್ಲಿ ಮದ್ರಾಸಿನ ಅಧ್ಯಯನವೊಂದು ಆಸೆ ಹುಟ್ಟಿಸಿತು. ಮುಂದಿನ ಪ್ರಯೋಗಗಳು ಅದನ್ನು ಎತ್ತಿಹಿಡಿಯಲಿಲ್ಲ. ಕಾಮಾಲೆ ಹಲವರಲ್ಲಿ ತಾನಾಗಿ ಇಳಿಯುವುದರಿಂದ ಕೀರ್ತಿ ಮದ್ದಿಗೆ ಸಲ್ಲುತ್ತದೆ.

ನಾಯಿ ಕಚ್ಚಿದಾಗ, ಹಾವು ಕಚ್ಚಿದಾಗ ಮನೆಮದ್ದಿಗೆ ಜಾಗವೇ ಇಲ್ಲ. ನಾಯಿ ಕಚ್ಚಿದ ಗಾಯಕ್ಕೆ ಖಾರದಪುಡಿ, ಸುಣ್ಣ ಹಚ್ಚದೆ 15 ನಿಮಿಷ ಸೋಪುನೀರಿನಲ್ಲಿ ತೊಳೆದು ಅದೇ ದಿನ ಲಸಿಕೆ ಹಾಕಿಸಬೇಕು. ಹಾವಿನ ವಿಷಕ್ಕೆ ಪ್ರತಿವಿಷವೊಂದೇ ದಾರಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಕಚ್ಚಿದ ಕೈಕಾಲನ್ನು ಅಲುಗಿಸದೆ, ಕಟ್ಟು ಬಿಗಿಯದೆ, 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಿಸಬೇಕು.